ಮಲಗಿದ ಕಂಪ್ಯೂಟರಿಗೆ ಕರೆಂಟು ಹೋದರೆ?

ಓದುಗರ ಪ್ರಶ್ನೆ, ತಾಂತ್ರಿಕ ಬಳಗದ ಉತ್ತರ

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಮೇಜಿನ ಮೇಲಿನ ಕಂಪ್ಯೂಟರನ್ನು ಸ್ಲೀಪ್ ಅಥವಾ ಹೈಬರ್ನೇಟ್ ಮಾಡುವುದು. ಉತ್ತರಗಳಲ್ಲಿ ಬರುವ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ‘ಪವರ್‌ಸಿಎಫ್‌ಜಿ’ ಎಂದರೆ ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಜಾಗ ಬಿಡದೆ ಸೇರಿಸಿದ್ದು. ಅದರ ಮುಂದೆ ಒಂದು ಜಾಗ ಬಿಟ್ಟು ಓರೆಗೆರೆ. ಆಜ್ಞೆ ಟೈಪ್ ಮಾಡಲು ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿಕೊಂಡು ತೆರೆಯಿರಿ. ಹಾಗೆ ತೆರೆಯದಿದ್ದರೆ ಈ ಆಜ್ಞೆಗಳಲ್ಲಿ ಕೆಲವು ಅನುಮತಿ ಇಲ್ಲವೆಂದು ಹಿಂದೆ ಸರಿಯುತ್ತವೆ.

ಪ್ರಶ್ನೆ: ರಾತ್ರಿ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಮಲಗಿದೆ. ನಡುರಾತ್ರಿ ಕರೆಂಟು ಹೋಗಿ ಬಂದಿತ್ತು. ಬೆಳಿಗ್ಗೆ ನೋಡಿದರೆ ವಿಂಡೋಸ್ ಮೊದಲಿಂದ ಶುರುವಾಯಿತು, ಸೇವ್ ಮಾಡದೆ ಬಿಟ್ಟಿದ್ದ ನಾಲ್ಕು ಪುಟ ಮಾಯ. ಮಳೆಗಾಲದಲ್ಲಿ ನಮ್ಮಲ್ಲಿ ಇದು ದಿನನಿತ್ಯದ ಪಾಡು. ಜತೆಗೆ, ಮಲಗುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವ ರೂಢಿ ಮನೆಯಲ್ಲಿದೆ. ಏನು ಮಾಡಲಿ? (ತೀರ್ಥಹಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಸ್ಲೀಪ್‌ನಲ್ಲಿ ನಿಮ್ಮ ಕೆಲಸವೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲೇ ಇರುತ್ತದೆ. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಂತರೂ ರ‍್ಯಾಮಿಗೆ ಮಾತ್ರ ಕರೆಂಟು ಹರಿಯುತ್ತಲೇ ಇರಬೇಕು. ಆ ಕರೆಂಟು ಬರುವುದು ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ತಂತಿಯಿಂದ. ಮದರ್‌ಬೋರ್ಡಿಗೆ ಚುಚ್ಚುವ 24 ಪಿನ್ನಿನ ಅಗಲ ಕನೆಕ್ಟರಿನಲ್ಲಿ ನೇರಳೆ ಬಣ್ಣದ ಒಂದೇ ಒಂದು ತಂತಿ ಕಾಣುತ್ತದಲ್ಲ, ಅದೇ. ನಿಮ್ಮ ನಾಲ್ಕು ಪುಟ ರಾತ್ರಿಯಿಡೀ ಆ ನೇರಳೆ ತಂತಿಯನ್ನು ನೆಚ್ಚಿಕೊಂಡಿತ್ತು. ಕರೆಂಟು ಹೋದ ಕ್ಷಣಕ್ಕೆ ರ‍್ಯಾಮ್ ಖಾಲಿ. ಗೋಡೆಯ ಸ್ವಿಚ್ ಆರಿಸಿದರೂ ಅದೇ ಗತಿ. ಲ್ಯಾಪ್‌ಟಾಪಾದರೆ ಬ್ಯಾಟರಿ ಕಾಯುತ್ತದೆ, ಡೆಸ್ಕ್‌ಟಾಪಿಗೆ ಆ ಆಸರೆ ಇಲ್ಲ.

ಹೈಬರ್ನೇಟ್ ಹಾಗಲ್ಲ. ರ‍್ಯಾಮಿನಲ್ಲಿರುವುದನ್ನು ಒತ್ತಿ ಚಿಕ್ಕದು ಮಾಡಿ, ಸಿ ಡ್ರೈವಿನಲ್ಲಿರುವ ಹೈಬರ್‌ಫಿಲ್ ಎಂಬ ಗುಪ್ತ ಕಡತಕ್ಕೆ ಬರೆದು, ಆಮೇಲೆ ಯಂತ್ರ ಪೂರ್ತಿ ಆರುತ್ತದೆ. ಪ್ಲಗ್ ಕಿತ್ತು ಒಂದು ವಾರ ಬಿಟ್ಟರೂ ಡಿಸ್ಕಿನಲ್ಲಿದ್ದದ್ದು ಅಲ್ಲೇ ಇರುತ್ತದೆ. ನಿಮ್ಮ ಮನೆಯ ಸ್ವಿಚ್ ಆರಿಸುವ ರೂಢಿಗೆ ಹೊಂದುವುದು ಇದೊಂದೇ, ರೂಢಿಯೇನೂ ಬದಲಿಸಬೇಕಾಗಿಲ್ಲ. ಆದರೆ ಬರೆದು ಮುಗಿಯುವ ತನಕ ಕಾಯಬೇಕು: ಪರದೆ ಮೊದಲು ಕಪ್ಪಾಗುತ್ತದೆ, ಫ್ಯಾನು ಮತ್ತು ಡಿಸ್ಕಿನ ದೀಪ ಇನ್ನೂ ಕೆಲ ಸೆಕೆಂಡು ಓಡುತ್ತಿರುತ್ತವೆ. ಹಳೆಯ ತಿರುಗುವ ಹಾರ್ಡ್ ಡಿಸ್ಕಾದರೆ ಒಂದು ನಿಮಿಷವೂ ಹಿಡಿದೀತು. ಫ್ಯಾನ್ ನಿಂತು, ಕ್ಯಾಬಿನೆಟ್ಟಿನ ಮುಂಭಾಗದ ದೀಪ ಆರಿದ ಮೇಲೆ ಸ್ವಿಚ್ ಆರಿಸಿ. ಪರದೆ ಕಪ್ಪಾಯಿತೆಂದು ಆ ನಡುವೆಯೇ ಆರಿಸಿದರೆ ಅರ್ಧ ಬರೆದ ಕಡತ ಏನಕ್ಕೂ ಬಾರದು.

ವಿಂಡೋಸ್ 10, 11ರಲ್ಲಿ ಹೈಬರ್ನೇಟ್ ಆಯ್ಕೆ ಮೊದಲಿಗೆ ಮೆನುವಿನಲ್ಲಿ ಕಾಣುವುದಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು ಹಾರ್ಡ್‌ವೇರ್ ಆ್ಯಂಡ್ ಸೌಂಡ್, ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒತ್ತಿ. ಮೇಲೆ ನೀಲಿ ಅಕ್ಷರದಲ್ಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೈಲಬಲ್’ ಒತ್ತಿದರೆ ಕೆಳಗಿನ ಮಂಕಾದ ಚೌಕಗಳು ತೆರೆದುಕೊಳ್ಳುತ್ತವೆ. ಹೈಬರ್ನೇಟ್‌ಗೆ ಟಿಕ್ ಹಾಕಿ ಸೇವ್ ಮಾಡಿ. ಅದೇ ಪುಟದ ಮೇಲ್ಭಾಗದಲ್ಲಿ, ಕ್ಯಾಬಿನೆಟ್ಟಿನ ಪವರ್ ಬಟನ್ ಒತ್ತಿದಾಗ ಏನಾಗಬೇಕು ಎಂಬಲ್ಲಿಯೂ ಹೈಬರ್ನೇಟ್ ಆರಿಸಿಕೊಳ್ಳಿ. ಮನೆಯ ಹಿರಿಯರಿಗೆ ‘ಈ ಬಟನ್ ಒಮ್ಮೆ ಒತ್ತಿ, ದೀಪ ಆರಿದ ಮೇಲೆ ಸ್ವಿಚ್ ಆರಿಸಿ’ ಎಂದಷ್ಟೇ ಹೇಳಿದರೆ ಸಾಕು. ಹೈಬರ್ನೇಟ್ ಸಾಲೇ ಅಲ್ಲಿ ಇಲ್ಲದಿದ್ದರೆ ‘ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್’ ಆಜ್ಞೆ ಕೊಟ್ಟು ಮತ್ತೆ ನೋಡಿ. ಆಗಲೂ ಬರದಿದ್ದರೆ ಕಡತವನ್ನು ಯಾರೋ ಚಿಕ್ಕ ಬಗೆಗೆ ಇಳಿಸಿರಬಹುದು. ‘ಪವರ್‌ಸಿಎಫ್‌ಜಿ /ಹೈಬರ್ನೇಟ್ /ಟೈಪ್ ಫುಲ್’ ಕೊಟ್ಟರೆ ಸರಿಹೋಗುತ್ತದೆ.

ಹಗಲು ಹೊತ್ತು ಊಟಕ್ಕೆ, ತೋಟಕ್ಕೆ ಎದ್ದುಹೋಗುವಾಗ ಸ್ಲೀಪ್ ಅನುಕೂಲ, ಎರಡು ಮೂರು ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೂ ಕೆಲಸ ಉಳಿಯಬೇಕಾದರೆ ಹೈಬ್ರಿಡ್ ಸ್ಲೀಪ್ ಇದೆ. ಅದು ರ‍್ಯಾಮನ್ನೂ ಎಚ್ಚರವಾಗಿಡುತ್ತದೆ, ಡಿಸ್ಕಿಗೂ ಒಂದು ಪ್ರತಿ ಬರೆದಿಡುತ್ತದೆ. ಕರೆಂಟು ಇದ್ದರೆ ರ‍್ಯಾಮಿನಿಂದ ತಟ್ಟನೆ ಏಳುತ್ತದೆ, ಹೋಗಿದ್ದರೆ ಡಿಸ್ಕಿನ ಪ್ರತಿಯಿಂದ ನಿಧಾನವಾಗಿ. ಪವರ್ ಆಪ್ಷನ್ಸ್‌ನಲ್ಲಿ ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್, ಸ್ಲೀಪ್ ಎಂಬಲ್ಲಿ ‘ಅಲೋ ಹೈಬ್ರಿಡ್ ಸ್ಲೀಪ್’ ಆನ್ ಇರಲಿ. ಡೆಸ್ಕ್‌ಟಾಪಿನಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ಆನ್ ಇರುತ್ತದೆ. ಹಾಗಿದ್ದೂ ನಿಮ್ಮ ಪುಟಗಳು ಹೋಗಿವೆ ಎಂದರೆ, ಸಿ ಡ್ರೈವಿನಲ್ಲಿ ಜಾಗ ಮಾಡಲು ಯಾರೋ ಹೈಬರ್ನೇಟನ್ನು ಆಫ್ ಮಾಡಿರುವ ಸಾಧ್ಯತೆಯೇ ಹೆಚ್ಚು. ಆ ಕಡತ ಅಳಿಸಿದರೆ ಕೆಲವು ಜಿಬಿ ಸಿಗುತ್ತದೆ ನಿಜ, ಆದರೆ ಹೈಬ್ರಿಡ್ ಸ್ಲೀಪ್ ಕೂಡ ಅದರ ಜತೆಗೇ ಸದ್ದಿಲ್ಲದೆ ಹೊರಟುಹೋಗುತ್ತದೆ. ಕರೆಂಟು ನೆಚ್ಚಲಾಗದ ಊರಿನಲ್ಲಿ ಆ ಜಾಗ ಉಳಿಸಬೇಡಿ.

ಪ್ರಶ್ನೆ: ನನ್ನ ಹತ್ತಿರ 600 ವಿಎ ಯುಪಿಎಸ್ ಇದೆ. ಸ್ಲೀಪ್‌ನಲ್ಲಿ ಕಂಪ್ಯೂಟರ್ ಬರೀ 3 ವ್ಯಾಟ್ ತಿನ್ನುತ್ತದಂತೆ. ಹಾಗಾದರೆ ಯುಪಿಎಸ್ ಮೇಲೆ ಇಡೀ ದಿನ ಸ್ಲೀಪ್‌ನಲ್ಲಿ ಇರಬಹುದಲ್ಲವೇ? (ಹಾಸನ)

ಉತ್ತರ: ಲೆಕ್ಕ ಕಾಗದದ ಮೇಲೆ ಸರಿ. ಈ ಗಾತ್ರದ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಇರುತ್ತದೆ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್ ಅವರ್, 3ರಿಂದ ಭಾಗಿಸಿದರೆ 28 ಗಂಟೆ. ಆದರೆ 12 ವೋಲ್ಟನ್ನು 230 ವೋಲ್ಟಿಗೆ ಏರಿಸುವ ಇನ್ವರ್ಟರ್ ಭಾಗ ತನ್ನನ್ನು ತಾನು ನಡೆಸಿಕೊಳ್ಳಲಿಕ್ಕೇ ಆ 3 ವ್ಯಾಟಿಗಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ 28 ಗಂಟೆಯ ಹತ್ತಿರಕ್ಕೂ ಬರುವುದಿಲ್ಲ. ಕೆಲವು ಯುಪಿಎಸ್‌ಗಳು ಲೋಡ್ ತೀರಾ ಕಡಿಮೆ ಇದ್ದರೆ ‘ಯಾವ ಸಾಧನವೂ ಇಲ್ಲ’ ಎಂದು ತಿಳಿದು ಬ್ಯಾಟರಿ ಉಳಿಸಲು ತಾವೇ ಆರಿಬಿಡುತ್ತವೆ. ಮಲಗಿದ ಕಂಪ್ಯೂಟರ್ ಅದರ ಕಣ್ಣಿಗೆ ಖಾಲಿ ಲೋಡೇ. ಇದರ ಮೇಲೆ, ಸೀಸದ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಬರಿದು ಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಯುಪಿಎಸ್ ಇರುವುದು ಕೆಲಸ ಸೇವ್ ಮಾಡಿ ಹೈಬರ್ನೇಟ್ ಆಗುವಷ್ಟು ಹೊತ್ತು ಸಂಪಾದಿಸಲು. ನಿಮ್ಮ ಯುಪಿಎಸ್ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಅದರಿಂದ ಕಂಪ್ಯೂಟರಿಗೆ ಕೇಬಲ್ ಹಾಕಿ. ಹೊಂದಿಕೆಯಾಗುವ ಮಾದರಿಯಾದರೆ ವಿಂಡೋಸ್ ಅದನ್ನು ಬ್ಯಾಟರಿಯೆಂದೇ ಗುರುತಿಸಿ, ಗಡಿಯಾರದ ಪಕ್ಕ ಲ್ಯಾಪ್‌ಟಾಪಿನಂತೆ ಬ್ಯಾಟರಿ ಚಿಹ್ನೆ ತೋರಿಸುತ್ತದೆ. ಆಗ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂಬ ಹೊಸ ವಿಭಾಗ ಬರುತ್ತದೆ. ಅಲ್ಲಿ ‘ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್’ ಹೈಬರ್ನೇಟ್ ಇರಲಿ, ‘ಕ್ರಿಟಿಕಲ್ ಬ್ಯಾಟರಿ ಲೆವೆಲ್’ 30 ಶೇಕಡಾ ಆಸುಪಾಸು ಇರಲಿ. ಲ್ಯಾಪ್‌ಟಾಪಿನಲ್ಲಿ ಇಡುವಂತೆ 5 ಶೇಕಡಾ ಇಡಬೇಡಿ: ಹಳೆಯ ಯುಪಿಎಸ್ ಬ್ಯಾಟರಿ 30ರಿಂದ ಸೊನ್ನೆಗೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ, ಬರೆಯುವ ನಡುವೆಯೇ ಕೈಕೊಟ್ಟೀತು.

ಮನೆಗೆಲ್ಲ ಒಂದೇ ಇನ್ವರ್ಟರ್ ಇದ್ದವರೂ ಇದನ್ನೇ ಕೇಳಿದ್ದಾರೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್, ಇಕೋ ಮೋಡ್ ಎಂಬ ಸ್ವಿಚ್ ಇದ್ದರೆ ಯುಪಿಎಸ್ ಕಡೆಗೆ ಹಾಕಿ, ಬ್ಯಾಟರಿಗೆ ಬದಲಾಗುವ ಸಮಯ ಕಡಿಮೆಯಾಗುತ್ತದೆ. ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಪೂರ್ಣ ಲೋಡಿನಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಸ್ಲೀಪ್‌ನಲ್ಲಿ ಲೋಡ್ ಅತ್ಯಲ್ಪವಾದ್ದರಿಂದ ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಕೆಲಸ ಮಾಡುತ್ತಿರುವಾಗ ಇನ್ವರ್ಟರ್ ಬದಲಾದರೆ ರೀಸ್ಟಾರ್ಟ್ ಆಗುವ ಕಂಪ್ಯೂಟರ್ ಸ್ಲೀಪ್‌ನಲ್ಲಿದ್ದಾಗ ಏನೂ ಆಗದೆ ಉಳಿಯುವುದು ಇದರಿಂದಲೇ.

ಪ್ರಶ್ನೆ: ಸಂಜೆ ಏಳಕ್ಕೆ ಕೆಲಸ ಮುಗಿದರೂ ಬೆಳಿಗ್ಗೆ ಒಂಬತ್ತರ ತನಕ ಕಂಪ್ಯೂಟರ್ ಆನ್ ಬಿಟ್ಟಿರುತ್ತೇನೆ. ಸ್ಲೀಪ್ ಮಾಡಿದರೆ ಬಿಲ್ಲಿನಲ್ಲಿ ಎಷ್ಟು ಉಳಿದೀತು? (ಬೆಂಗಳೂರು)

ಉತ್ತರ: ಸುಮ್ಮನೆ ಕೂತ ಸಾಧಾರಣ ಡೆಸ್ಕ್‌ಟಾಪ್ 60 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 14 ಗಂಟೆ, ತಿಂಗಳಿಗೆ 30 ದಿನ ಎಂದರೆ 25.2 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 151 ರೂಪಾಯಿ. ಸ್ಲೀಪ್‌ನಲ್ಲಿ 3 ವ್ಯಾಟ್ ಎಂದರೆ 1.26 ಯೂನಿಟ್, ಏಳೂವರೆ ರೂಪಾಯಿ. ಹೈಬರ್ನೇಟ್ ಆದರೆ 1 ವ್ಯಾಟಿನ ಆಸುಪಾಸು, ಎರಡೂವರೆ ರೂಪಾಯಿ. ಸ್ವಿಚ್ಚೇ ಆರಿಸಿದರೆ ಅದೂ ಇಲ್ಲ. ದೊಡ್ಡ ಉಳಿತಾಯ ಇರುವುದು ಆನ್ ಬಿಡುವುದನ್ನು ನಿಲ್ಲಿಸುವುದರಲ್ಲಿ. ಸ್ಲೀಪ್‌ಗೂ ಹೈಬರ್ನೇಟ್‌ಗೂ ಇರುವ ಐದು ರೂಪಾಯಿಯ ವ್ಯತ್ಯಾಸ ನೋಡಿ ಆಯ್ಕೆ ಮಾಡಬೇಕಾಗಿಲ್ಲ, ನಿಮ್ಮ ಬೀದಿಯ ಕರೆಂಟು ಹೇಗಿದೆ ಎಂಬುದನ್ನು ನೋಡಿ ಮಾಡಿ.

ಪ್ರಶ್ನೆ: ಸ್ಲೀಪ್‌ಗೆ ಹಾಕಿದ ಕಂಪ್ಯೂಟರ್ ರಾತ್ರಿ ಎರಡು ಗಂಟೆಗೆ ತಾನಾಗಿ ಎದ್ದು ಕೂರುತ್ತದೆ. ಫ್ಯಾನಿನ ಸದ್ದಿಗೆ ನಮಗೂ ಎಚ್ಚರ. ವೈರಸ್ಸೇ? (ಮೈಸೂರು)

ಉತ್ತರ: ವೈರಸ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಯಾರು ಎಬ್ಬಿಸಿದರು ಎಂಬುದು ಕಂಪ್ಯೂಟರಿಗೇ ಗೊತ್ತಿರುತ್ತದೆ. ಬೆಳಿಗ್ಗೆ, ಮತ್ತೊಮ್ಮೆ ಸ್ಲೀಪ್ ಮಾಡುವ ಮೊದಲು, ‘ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್’ ಕೊಡಿ. ಅಲ್ಲಿ ಉತ್ತರ ಸ್ಪಷ್ಟವಿಲ್ಲದಿದ್ದರೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯ ಸಿಸ್ಟಂ ದಾಖಲೆಯಲ್ಲಿ ‘ಪವರ್ ಟ್ರಬಲ್‌ಶೂಟರ್’ ಎಂಬ ಮೂಲದ ಸಾಲು ಹುಡುಕಿ. ಮಲಗಿದ ಗಳಿಗೆ, ಎದ್ದ ಗಳಿಗೆ, ಎಬ್ಬಿಸಿದ ‘ವೇಕ್ ಸೋರ್ಸ್’ ಮೂರೂ ಒಂದೇ ಕಡೆ ಸಿಗುತ್ತವೆ.

ಎಬ್ಬಿಸಿದ್ದು ಟೈಮರ್ ಆಗಿದ್ದರೆ ಅಪ್‌ಡೇಟ್ ಅಥವಾ ನಿರ್ವಹಣೆಯ ನಿಗದಿತ ಕೆಲಸ ಇರುತ್ತದೆ. ‘ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್’ ಮುಂದೆ ಯಾವುದು ಕಾದಿದೆ ಎಂದು ತೋರಿಸುತ್ತದೆ. ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನ ಸ್ಲೀಪ್ ವಿಭಾಗದಲ್ಲಿ ‘ಅಲೋ ವೇಕ್ ಟೈಮರ್ಸ್’ ಡಿಸೇಬಲ್ ಮಾಡಿ. ನೆಟ್‌ವರ್ಕ್ ಕಾರ್ಡ್ ಆಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ‘ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್’ ಟಿಕ್ ತೆಗೆಯಿರಿ. ದೂರದಿಂದ ಎಬ್ಬಿಸುವ ಅಗತ್ಯ ಇದ್ದವರು ಆ ಟಿಕ್ ಬಿಟ್ಟು, ಅದರ ಕೆಳಗಿನ ‘ಓನ್ಲಿ ಅಲೋ ಎ ಮ್ಯಾಜಿಕ್ ಪ್ಯಾಕೆಟ್’ ಸಾಲಿಗೂ ಟಿಕ್ ಹಾಕಲಿ. ಆಗ ಎಬ್ಬಿಸಲೆಂದೇ ಕಳಿಸಿದ ವಿಶೇಷ ಸಂದೇಶಕ್ಕೆ (ಮ್ಯಾಜಿಕ್ ಪ್ಯಾಕೆಟ್) ಮಾತ್ರ ಏಳುತ್ತದೆ, ಬೇಡದ ಸಂದೇಶಗಳಿಗೆಲ್ಲ ಏಳುವುದಿಲ್ಲ.

ಮೌಸ್ ಇನ್ನೊಂದು ಕಾರಣ. ಹೊಳಪಿನ ಗಾಜಿನ ಮೇಜಿನ ಮೇಲೆ ಪ್ಯಾಡ್ ಇಲ್ಲದೆ ಇಟ್ಟ ಆಪ್ಟಿಕಲ್ ಮೌಸ್ ಯಾರೂ ಮುಟ್ಟದಿದ್ದರೂ ‘ಸರಿದೆ’ ಎಂದು ಹೇಳಬಲ್ಲದು. ಮುಂದಿನ ಬೀದಿಯಲ್ಲಿ ಲಾರಿ ಹೋದ ನಡುಕವೂ ಸಾಕಾದೀತು. ಮೌಸಿಗೂ ಅದೇ ಟಿಕ್ ತೆಗೆದು, ಎಬ್ಬಿಸುವ ಕೆಲಸ ಕೀಬೋರ್ಡಿಗೆ ಬಿಡಿ. ಯಾವ ಯಾವ ಸಾಧನಕ್ಕೆ ಎಬ್ಬಿಸುವ ಹಕ್ಕಿದೆ ಎಂಬ ಪಟ್ಟಿ ‘ಪವರ್‌ಸಿಎಫ್‌ಜಿ /ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್’ ಕೊಟ್ಟರೆ ಬರುತ್ತದೆ.

ಪ್ರಶ್ನೆ: ನನ್ನದು ಇದಕ್ಕೆ ತದ್ವಿರುದ್ಧ. 15 ನಿಮಿಷಕ್ಕೆ ಸ್ಲೀಪ್ ಎಂದು ಇಟ್ಟಿದ್ದರೂ ಅಂಗಡಿಯ ಕಂಪ್ಯೂಟರ್ ಮಲಗುವುದೇ ಇಲ್ಲ. ಮಲಗಿದ ದಿನ ಪಕ್ಕದ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಲೆಕ್ಕದ ಕಡತ ಸಿಗುವುದಿಲ್ಲ. (ದಾವಣಗೆರೆ)

ಉತ್ತರ: ಎರಡಕ್ಕೂ ಮೂಲ ಒಂದೇ. ‘ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್’ ಕೊಟ್ಟು ನೋಡಿ. ಡ್ರೈವರ್ ಎಂಬ ತಲೆಬರಹದಡಿ ‘ಎಸ್‌ಆರ್‌ವಿನೆಟ್’ ಎಂದು ಕಂಡರೆ, ಇನ್ನೊಂದು ಕಂಪ್ಯೂಟರ್ ಇದರಲ್ಲಿ ಹಂಚಿಟ್ಟ ಫೋಲ್ಡರನ್ನು ಬಳಸುತ್ತಿದೆ ಎಂದರ್ಥ. ಬಳಕೆ ಇರುವ ತನಕ ಮಲಗುವುದಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ ಪಕ್ಕದ ಯಂತ್ರ ಸುಮ್ಮನಾದಾಗ ಇದು ಮಲಗುತ್ತದೆ, ಆಮೇಲೆ ಬಿಲ್ ಹಾಕಲು ಹೋದರೆ ಕಡತ ಸಿಗುವುದಿಲ್ಲ. ಲೆಕ್ಕದ ಕಡತ ಇರುವ ಯಂತ್ರಕ್ಕೆ ಅಂಗಡಿಯ ಹೊತ್ತಿನಲ್ಲಿ ಸ್ಲೀಪ್ ‘ನೆವರ್’ ಇರಲಿ, ಪರದೆ ಮಾತ್ರ 5 ನಿಮಿಷಕ್ಕೆ ಆರಲಿ. ಬಾಗಿಲು ಹಾಕುವಾಗ ಮೊದಲು ಬಿಲ್ಲಿಂಗ್ ಯಂತ್ರದಲ್ಲಿ ಲೆಕ್ಕದ ತಂತ್ರಾಂಶ ಮುಚ್ಚಿ, ಆಮೇಲೆ ಇದನ್ನು ಹೈಬರ್ನೇಟ್ ಮಾಡಿ. ಈ ಕ್ರಮ ತಪ್ಪಿಸಬೇಡಿ, ತೆರೆದಿದ್ದ ಕಡತದ ಕೊಂಡಿ ನಡುವೆ ಕಡಿದರೆ ಲೆಕ್ಕವೇ ಕೆಡಬಹುದು.

ಅದೇ ಪಟ್ಟಿಯಲ್ಲಿ ‘ಆಡಿಯೊ ಸ್ಟ್ರೀಮ್’ ಎಂದು ಬಂದವರು ಬ್ರೌಸರಿನಲ್ಲಿ ಹಾಡು ಅಥವಾ ವಿಡಿಯೊ ತೆರೆದಿಟ್ಟ ಟ್ಯಾಬ್ ಹುಡುಕಿ ಮುಚ್ಚಿ.

ಪ್ರಶ್ನೆ: ಮಲಗುತ್ತದೆ, ಏಳುವಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಪ್ರತಿಸಲ ಬಟನ್ ಒತ್ತಿ ಹಿಡಿದು ಆರಿಸಬೇಕು. (ಹುಬ್ಬಳ್ಳಿ)

ಉತ್ತರ: ಒತ್ತಿ ಹಿಡಿಯುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ಬಂದಿಲ್ಲ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗಿ ಪರದೆ ಬರಬಹುದು. ಬಾರದಿದ್ದರೆ ಮಾನಿಟರ್ ಆರಿಸಿ ಹಾಕಿ, ಕೇಬಲ್ ತೆಗೆದು ಚುಚ್ಚಿ. ಶಾಶ್ವತ ಪರಿಹಾರವೆಂದರೆ ಗ್ರಾಫಿಕ್ಸ್ ತಯಾರಕರ ಹೊಸ ಡ್ರೈವರ್ ಹಾಕುವುದು.

ಕ್ಯಾಪ್ಸ್ ಲಾಕ್ ದೀಪ ಅಲುಗದಿದ್ದರೆ ತೊಂದರೆ ಇನ್ನೂ ಕೆಳಗಿದೆ. ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶವಾದ ಬಯಾಸ್‌ನಲ್ಲಿ ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಎರಡು ದಿನ ನೋಡಿ. ದಿನವಿಡೀ ಸರಿಯಾಗಿ ಓಡುವ ರ‍್ಯಾಮ್ ಕೂಡ ನಿದ್ದೆಯಿಂದ ಏಳುವ ಗಳಿಗೆಯಲ್ಲಿ ಆ ವೇಗಕ್ಕೆ ಎಡವಬಹುದು. ಹಾಗಾದರೆ ಮದರ್‌ಬೋರ್ಡಿನ ಹೊಸ ಬಯಾಸ್ ಹಾಕಿ ಮತ್ತೆ ಪ್ರಯತ್ನಿಸಿ. ಅದೂ ಅಲ್ಲದಿದ್ದರೆ ಎಸ್‌ಎಂಪಿಎಸ್‌ನ ನೇರಳೆ ತಂತಿಗೂ ಕಪ್ಪು ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿಸಿ. 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಅಗ್ಗದ ಹಳೆಯ ಎಸ್‌ಎಂಪಿಎಸ್‌ನಲ್ಲಿ ಆ ಭಾಗದ ಕೆಪಾಸಿಟರ್ ಒಣಗಿ ವೋಲ್ಟ್ ಕುಸಿದಿರುತ್ತದೆ. ಅಂಥದ್ದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಒಳಗೆ ಪ್ಲಗ್ ಕಿತ್ತ ಮೇಲೂ ಹೆಚ್ಚು ವೋಲ್ಟ್ ಉಳಿದಿರುತ್ತದೆ. ಬದಲಿಸಿಬಿಡಿ.

ಪ್ರಶ್ನೆ: ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಸ್ಲೀಪ್ ಎಂಬ ಆಯ್ಕೆಯೇ ಕಾಣುತ್ತಿಲ್ಲ. (ಕೊಪ್ಪಳ)

ಉತ್ತರ: ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ. ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಖಚಿತ. ಸರಿಯಾದ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿ. ‘ಪವರ್‌ಸಿಎಫ್‌ಜಿ /ಎ’ ಕೊಟ್ಟರೆ ಯಾವ ಯಾವ ನಿದ್ದೆ ಲಭ್ಯ, ಯಾವುದು ಏಕೆ ಇಲ್ಲ ಎಂಬುದನ್ನು ಅದೇ ಹೇಳುತ್ತದೆ.

ಪ್ರಶ್ನೆ: ದಿನಾ ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಸವೆಯುವುದಿಲ್ಲವೇ? (ಉಡುಪಿ)

ಉತ್ತರ: 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಹೈಬರ್ನೇಟ್ ಕಡತದ ಗಾತ್ರ ಸಾಮಾನ್ಯವಾಗಿ ರ‍್ಯಾಮಿನ 40 ಶೇಕಡಾ, ಅಂದರೆ 6.4 ಜಿಬಿ. ದಿನಕ್ಕೊಮ್ಮೆ 6 ಜಿಬಿ ಬರೆದರೂ ವರ್ಷಕ್ಕೆ 2.2 ಟಿಬಿ (1 ಟಿಬಿ ಎಂದರೆ 1000 ಜಿಬಿ). 500 ಜಿಬಿಯ ಅನೇಕ ಎಸ್‌ಎಸ್‌ಡಿಗಳಿಗೆ ತಯಾರಕರು 300 ಟಿಬಿ ಬರಹದ ಭರವಸೆ ಕೊಡುತ್ತಾರೆ. ಬರೀ ಹೈಬರ್ನೇಟ್‌ನಿಂದ ಅದು ಮುಗಿಯಲು ನೂರು ವರ್ಷ ದಾಟಬೇಕು. ನಿಶ್ಚಿಂತೆಯಿಂದ ಮಾಡಿ.

ಪ್ರಶ್ನೆ: ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆ) ಎರಡೂ ಇವೆ. ವಿಂಡೋಸ್ ಶಟ್‌ಡೌನ್ ಮಾಡಿಯೇ ಬಂದರೂ ಉಬುಂಟುವಿನಲ್ಲಿ ಡಿ ಡ್ರೈವಿಗೆ ಏನೂ ಬರೆಯಲು ಆಗುತ್ತಿಲ್ಲ. ಉಬುಂಟುವಿನಲ್ಲಿ ಸಸ್ಪೆಂಡ್ (ಅಲ್ಲಿನ ಸ್ಲೀಪ್) ಇದೆ, ಹೈಬರ್ನೇಟ್ ಇಲ್ಲ. (ಧಾರವಾಡದ ಒಬ್ಬ ವಿದ್ಯಾರ್ಥಿ)

ಉತ್ತರ: ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ತಂತ್ರಾಂಶಗಳನ್ನು ಮುಚ್ಚಿ, ವಿಂಡೋಸಿನ ಒಳತಿರುಳನ್ನು ಮಾತ್ರ ಹೈಬರ್ನೇಟ್ ಮಾಡುತ್ತದೆ. ಡ್ರೈವುಗಳು ತನ್ನ ವಶದಲ್ಲೇ ಇವೆ ಎಂದು ಅದು ನಂಬಿರುತ್ತದೆ, ಉಬುಂಟು ಅದನ್ನು ಕಂಡು ಬರೆಯಲು ಒಪ್ಪುವುದಿಲ್ಲ. ಹಾಗೆ ಒಪ್ಪದಿರುವುದೇ ನಿಮ್ಮ ಕಡತಗಳಿಗೆ ಕ್ಷೇಮ. ಮೇಲೆ ಹೈಬರ್ನೇಟ್‌ಗೆ ಟಿಕ್ ಹಾಕಲು ಹೇಳಿದ ಪುಟದಲ್ಲೇ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಟಿಕ್ ತೆಗೆಯಿರಿ. ಒಂದು ಸಲದ ಮಟ್ಟಿಗೆ ಸಾಕಾದರೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಇಲ್ಲವೇ ರೀಸ್ಟಾರ್ಟ್ ಕೊಟ್ಟು ಉಬುಂಟುವಿಗೆ ಬನ್ನಿ. ಹೈಬರ್ನೇಟ್ ಕಡತವನ್ನು ಉಬುಂಟುವಿನಿಂದ ಬಲವಂತವಾಗಿ ಅಳಿಸುವ ಉಪಾಯ ಯಾರಾದರೂ ಹೇಳಿದರೆ, ವಿಂಡೋಸಿನಲ್ಲಿ ತೆರೆದಿಟ್ಟ ಕೆಲಸವೂ ಅದರ ಜತೆ ಹೋಗುತ್ತದೆ ಎಂಬುದು ತಿಳಿದಿರಲಿ.

ಉಬುಂಟುವಿನ ಹೈಬರ್ನೇಟ್ ಸ್ವಾಪ್‌ನಲ್ಲಿ, ಅಂದರೆ ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗದಲ್ಲಿ, ಬರೆದುಕೊಳ್ಳುತ್ತದೆ. ಸ್ಥಾಪಿಸುವಾಗ ತಾನಾಗಿ ಆಗುವ ಸ್ವಾಪ್ ಸಾಮಾನ್ಯವಾಗಿ ರ‍್ಯಾಮಿಗಿಂತ ಚಿಕ್ಕದು. ರ‍್ಯಾಮಿನಷ್ಟೇ ದೊಡ್ಡ ಸ್ವಾಪ್ ಪಾರ್ಟಿಷನ್ ಮಾಡಿ, ಅದರ ಗುರುತಿನ ಯುಯುಐಡಿ ಸಂಖ್ಯೆಯನ್ನು, ಉಬುಂಟುವನ್ನು ಶುರುಮಾಡುವ ಗ್ರಬ್ ತಂತ್ರಾಂಶದ ಸಂರಚನೆಯಲ್ಲಿ ‘ರೆಸ್ಯೂಮ್’ ಎಂಬುದರ ಮುಂದೆ ಕೊಟ್ಟು, ಗ್ರಬ್ ಮತ್ತು ಶುರುವಿನಲ್ಲಿ ರ‍್ಯಾಮಿಗೆ ಬರುವ ಆರಂಭಿಕ ಕಡತವಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಎರಡನ್ನೂ ಹೊಸದು ಮಾಡಬೇಕು. ಝಡ್‌ರ‍್ಯಾಮ್ ಸ್ವಾಪ್ ಇದಕ್ಕೆ ಉಪಯೋಗವಿಲ್ಲ, ಅದು ರ‍್ಯಾಮಿನೊಳಗೇ ಇರುವಂಥದ್ದು. ಎಲ್ಲ ಸರಿ ಮಾಡಿಯೂ ಆಗದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಶುರುಮಾಡಲು ಬಿಡುವ ಭದ್ರತೆ) ನೋಡಿ: ಅದು ಆನ್ ಇದ್ದರೆ ಉಬುಂಟುವಿನ ಒಳತಿರುಳು (ಕರ್ನೆಲ್) ಹೈಬರ್ನೇಟನ್ನು ತಡೆಯುತ್ತದೆ.

ಪ್ರಶ್ನೆ: ಸ್ಲೀಪ್‌ನಿಂದ ಕೀಬೋರ್ಡ್ ಒತ್ತಿದರೆ ಏಳುತ್ತದೆ, ಹೈಬರ್ನೇಟ್‌ನಿಂದ ಏಳುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯೇ? (ಕಾರವಾರ)

ಉತ್ತರ: ಇಲ್ಲ. ಹೈಬರ್ನೇಟ್‌ನಲ್ಲಿ ಅನೇಕ ಯಂತ್ರಗಳು ಯುಎಸ್‌ಬಿಗೆ ಕರೆಂಟು ಕೊಡುವುದಿಲ್ಲ, ಪವರ್ ಬಟನ್ನನ್ನೇ ಒತ್ತಬೇಕು. ಕೀಬೋರ್ಡಿನಿಂದಲೇ ಬೇಕಾದರೆ ಬಯಾಸ್‌ನಲ್ಲಿ ಆರಿದಾಗಿನ ಕರೆಂಟು ಉಳಿಸುವ ‘ಇಆರ್‌ಪಿ’ ಆಫ್ ಮಾಡಿ, ‘ಪವರ್ ಆನ್ ಬೈ ಕೀಬೋರ್ಡ್’ ಇದ್ದರೆ ಆನ್ ಮಾಡಿ.

ಪ್ರಶ್ನೆ: ಇನ್ನೊಂದು ರ‍್ಯಾಮ್ ಕೊಂಡಿದ್ದೇನೆ. ಹೈಬರ್ನೇಟ್ ಮಾಡಿ ಕ್ಯಾಬಿನೆಟ್ ತೆರೆದು ಹಾಕಬಹುದೇ? (ಕಲಬುರಗಿ)

ಉತ್ತರ: ಬೇಡ. ಹೈಬರ್ನೇಟ್ ಕಡತದಲ್ಲಿರುವುದು ಹಳೆಯ ರ‍್ಯಾಮಿನ ಚಿತ್ರ. ಒಳಗಿನ ಬಿಡಿಭಾಗ ಬದಲಾದರೆ ಅದು ಸರಿಯಾಗಿ ಏಳದೆ ಕೆಲಸ ಕಳೆಯಬಹುದು. ಸ್ಲೀಪ್‌ನಲ್ಲಂತೂ ಖಂಡಿತ ಮುಟ್ಟಬೇಡಿ, ರ‍್ಯಾಮ್ ಸಾಲಿನಲ್ಲಿ ಆಗಲೂ ಕರೆಂಟು ಇರುತ್ತದೆ. ಎಲ್ಲ ಸೇವ್ ಮಾಡಿ, ಶಿಫ್ಟ್ ಹಿಡಿದು ಶಟ್‌ಡೌನ್ ಕೊಡಿ. ಗೋಡೆಯ ಸ್ವಿಚ್ ಆರಿಸಿ, ಹಿಂದಿನ ಪವರ್ ಕೇಬಲ್ ಕಿತ್ತು, ಮುಂದಿನ ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ಮದರ್‌ಬೋರ್ಡಿನ ಮೇಲೆ ಸಣ್ಣ ದೀಪ ಇದ್ದರೆ ಅದು ಆರುವುದು ಕಾಣುತ್ತದೆ. ಆಮೇಲೆ ಹಳೆಯ ರ‍್ಯಾಮಿಗೆ ಕೈ ಹಾಕಿ.